ಅಕ್ಕನ ಮೂರು ನಿಮಿಷ

ಬೇಸಿಗೆಯ ಕಲಾಮೇಳ ಶುರುವಾಯಿತೆಂದರೆ ಅಕ್ಕನ ಕಾಲಿಗೆ ಚಕ್ರ ಬರುತ್ತಿತ್ತು. ಊರಿನ ಉಳಿದ ಜನ ಮೇಳಕ್ಕೆ ಹೋಗುತ್ತಿದ್ದರು, ಐಸ್‌ಕ್ರೀಮ್ ತಿನ್ನುತ್ತಿದ್ದರು, ಮನೆಗೆ ಬರುತ್ತಿದ್ದರು. ಅಕ್ಕ ಹಾಗಲ್ಲ, ಮೇಳದ ಮೇಲೆ ದಂಡೆತ್ತಿ ಹೋಗುತ್ತಿದ್ದಳು. ಕಾರ್ಯಕ್ರಮಗಳ ಪುಸ್ತಕ ಕೈಗೆ ಸಿಕ್ಕ ದಿನವೇ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುವಳು. ಹಸಿರು ಪೆನ್ನಿನಲ್ಲಿ ಗುರುತು ಹಾಕಿದ್ದು ನೋಡಲೇಬೇಕಾದದ್ದು, ನೀಲಿ ಹಾಕಿದ್ದು ದಾರಿಯಲ್ಲಿ ಸಿಕ್ಕರೆ ನೋಡುವಂಥದ್ದು, ಕೆಂಪು ಗೀಟು ಎಳೆದದ್ದು ಸತ್ತರೂ ನೋಡಬಾರದ್ದು. ಮೇಜಿನ ಮೇಲೆ ಅಷ್ಟು ದಿನ ತಟ್ಟೆ ಇಡಲು ಜಾಗವಿರುತ್ತಿರಲಿಲ್ಲ, ಅವಳ ಗಂಡ, ಅಂದರೆ ಭಾವ, ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡುತ್ತಿದ್ದರು.

ಅವಳ ಸೈನ್ಯದಲ್ಲಿ ಮೂವರು. ಮಡಚುವ ಸ್ಟೂಲುಗಳನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಬರುವ ಭಾವ. ನೀರಿನ ಬಾಟಲಿ, ಛತ್ರಿ, ಔಷಧಿ ಚೀಲ ಹೊತ್ತ ತಂಗಿ. ನಕ್ಷೆ ಹಿಡಿದು ದಾರಿ ತಪ್ಪಿಸುವ ತಂಗಿಯ ಗಂಡ. ಅವನಿಗೆ ಕನ್ನಡಕದ ಅಂಗಡಿ ಇತ್ತು, ದಾರಿ ತಪ್ಪಿದಾಗಲೆಲ್ಲ ಅಕ್ಕ ಆ ಅಂಗಡಿಯನ್ನು ಎತ್ತಿ ಆಡುತ್ತಿದ್ದಳು.

ಅಕ್ಕ ಸಾರಿಗೆ ಕಚೇರಿಯಲ್ಲಿ ಡ್ರೈವಿಂಗ್ ಪರೀಕ್ಷೆ ನಡೆಸುವ ಇನ್‌ಸ್ಪೆಕ್ಟರ್. ಕಾರಿನಲ್ಲಿ ಪಕ್ಕದ ಸೀಟಿಗೆ ಕೂತು, ಮಡಿಲಲ್ಲಿ ಹಲಗೆ ಇಟ್ಟುಕೊಂಡು, ಕೀಲಿ ತಿರುಗಿಸುವ ಮೊದಲೇ ಅರ್ಧ ತೀರ್ಪು ಬರೆದುಬಿಡುತ್ತಿದ್ದಳು. ಒಬ್ಬ ಮನುಷ್ಯನಿಗೆ ಗಾಡಿ ಬರುತ್ತದೋ ಇಲ್ಲವೋ ತಿಳಿಯಲು ಮೂರು ನಿಮಿಷ ಧಾರಾಳವಾಯಿತು ಎನ್ನುವುದು ಅವಳ ಇಪ್ಪತ್ತೆಂಟು ವರ್ಷದ ಅನುಭವ. ಅದೇ ಲೆಕ್ಕವನ್ನು ಅವಳು ಕಲೆಗೂ ಹಚ್ಚಿದ್ದಳು. ಹಾಡಾಗಲಿ, ಕುಣಿತವಾಗಲಿ, ನಾಟಕವಾಗಲಿ, ಹೆಚ್ಚೆಂದರೆ ಮೂರು ನಿಮಿಷ ನೋಡುವಳು. ಹಿಡಿಸಿದರೆ ಮುಗಿಯುವ ತನಕ ಕಲ್ಲಿನಂತೆ ಕೂರುವಳು. ಹಿಡಿಸದಿದ್ದರೆ ಎದ್ದು ನಿಂತು, ‘ನಡೀರಿ’ ಅನ್ನುವಳು. ಸೈನ್ಯ ಸ್ಟೂಲು ಮಡಚಿ ಹೊರಡಬೇಕು. ಮೊದಲ ಸಾಲಿನಲ್ಲಿ ಕೂತಿದ್ದರೂ ಅಷ್ಟೆ, ಕಲಾವಿದರು ಕಣ್ಣಲ್ಲಿ ಕಣ್ಣಿಟ್ಟು ಹಾಡುತ್ತಿದ್ದರೂ ಅಷ್ಟೆ. ಸಂಬಂಧಿಕರಿಗೆ ರಿಯಾಯಿತಿ ಇರಲಿಲ್ಲ. ಭಾವ ತಮ್ಮ ಕಚೇರಿಯ ವಾರ್ಷಿಕೋತ್ಸವದಲ್ಲಿ ಸ್ವಂತ ಕವಿತೆ ಓದಲು ನಿಂತಾಗ ಅಕ್ಕ ಎರಡನೇ ಚರಣಕ್ಕೇ ಎದ್ದು ಹೋಗಿ ಕಾರಿನಲ್ಲಿ ಕೂತಿದ್ದಳು. ಸ್ವಂತ ತಂಗಿಯನ್ನು ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲ್ ಮಾಡಿದವಳು ಅವಳು. ತಂಗಿ ಮೂರನೇ ಸಲ ಅರ್ಜಿ ಹಾಕುವ ಗೋಜಿಗೇ ಹೋಗಲಿಲ್ಲ, ಇವತ್ತಿಗೂ ಬಸ್ಸಿನಲ್ಲೇ ಓಡಾಡುತ್ತಾಳೆ.

ನಮ್ಮ ಕಥೆ ಈ ತಂಗಿಯದು. ನಗರ ಗ್ರಂಥಾಲಯದ ಓದುವ ಕೋಣೆಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿರುವವಳು. ಅಲ್ಲಿಗೆ ಪರೀಕ್ಷೆಗೆ ಓದಲು ಬರುವ ಮಕ್ಕಳು ಅವಳಿಗೆ ‘ಶ್ ಮೇಡಂ’ ಅಂತ ಹೆಸರಿಟ್ಟಿದ್ದರು, ಆ ಮಕ್ಕಳು ದೊಡ್ಡವರಾಗಿ ಅವರ ಮಕ್ಕಳು ಓದಲು ಬರತೊಡಗಿದರೂ ಅದೇ ಹೆಸರು ಅಂಟಿಕೊಂಡು ಬಂದಿತ್ತು. ನಾವೂ ಹಾಗೇ ಕರೆಯೋಣ. ಅಕ್ಕ ಮಾತ್ರ ಐವತ್ತೆರಡು ವರ್ಷದ ಈ ಹೆಂಗಸನ್ನು ಇನ್ನೂ ‘ಪುಟ್ಟಿ’ ಅನ್ನುತ್ತಿದ್ದಳು.

ಈ ಸಲದ ಮೇಳದಲ್ಲಿ ಶ್ ಮೇಡಂ ಹಾಡುವವಳಿದ್ದಳು. ಈ ವಿಷಯ ಅಕ್ಕನಿಗೆ ಗೊತ್ತಿರಲಿಲ್ಲ.

ಆದದ್ದು ಇಷ್ಟು. ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರಣ್ಣನಿಗೆ ಹಾಡು ಕಟ್ಟುವ ಚಟವೂ ಇತ್ತು. ಅವನು ಹನ್ನೊಂದು ಜನರನ್ನು ಹಿಡಿದು ಒಂದು ಗುಂಪು ಮಾಡಿದ. ಮುಖ್ಯ ಗ್ರಂಥಪಾಲಕರು, ಪತ್ರಿಕೆ ವಿಭಾಗದವನು, ಕಸ ಗುಡಿಸುವಾಕೆ, ಕಾವಲುಗಾರ, ಹೀಗೆ ಸಿಕ್ಕಿದವರೆಲ್ಲ ಸೇರಿದರು. ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ನೆಲಮಾಳಿಗೆಯ ಹಳೇ ಪತ್ರಿಕೆಗಳ ಉಗ್ರಾಣದಲ್ಲಿ, ಹೊತ್ತು ಸಿಕ್ಕಿದ್ದು ಮಧ್ಯಾಹ್ನದ ಬಿಡುವಿನಲ್ಲಿ. ನಾಲ್ಕು ತಿಂಗಳು ಹಾಡಿದರು. ಒಬ್ಬರ ಫೋನಿನಲ್ಲಿ ಹಾಡು ಹಿಡಿದು ಮೇಳದ ಸಮಿತಿಗೆ ಕಳಿಸಿದರು. ಸಮಿತಿಯವರು, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಶನಿವಾರ ಸಂಜೆ ಐದೂವರೆಗೆ ಉದ್ಯಾನದ ವೇದಿಕೆ ಕೊಟ್ಟರು. ಮೂರು ಹಾಡು, ಹದಿನೈದು ನಿಮಿಷ. ಎರಡನೇ ಹಾಡಿನಲ್ಲಿ ಎರಡು ಸಾಲು ಶ್ ಮೇಡಂ ಒಬ್ಬಳೇ ಹಾಡಬೇಕು.

ಕಾರ್ಯಕ್ರಮದ ಪುಸ್ತಕದಲ್ಲಿ ‘ಗ್ರಂಥಾಲಯ ನೌಕರರ ವೃಂದಗಾನ’ ಎಂದು ಕಂಡ ಕೂಡಲೆ ಅಕ್ಕ ಕೆಂಪು ಗೀಟು ಎಳೆದಿದ್ದಳು.

“ನೌಕರರ ಹಾಡು ಕೇಳೋಕೆ ನಂಗೇನು ಹುಚ್ಚು ಹಿಡಿದಿದೆಯಾ? ಪುಟ್ಟಿ, ನೀನು ಇದ್ರಲ್ಲಿ ಇಲ್ಲ ತಾನೇ?”

“ನಾನಾ? ನಾನು ಕುರ್ಚಿ ಜೋಡಿಸೋಕೆ ಹೋಗ್ಬೇಕು ಅಷ್ಟೆ.”

ಸುಳ್ಳು ಹೇಳಿ ಶ್ ಮೇಡಂ ನಾಲಿಗೆ ಕಚ್ಚಿಕೊಂಡಳು. ಯಾಕೆ ಹೇಳಿದಳು ಅಂದರೆ, ನಿಜ ಹೇಳಿದ್ದರೆ ಅಕ್ಕ ಬರುತ್ತಿದ್ದಳು, ಬಂದು ಮೂರು ನಿಮಿಷ ಕೂತು ಎದ್ದು ಹೋಗಲು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಿದ್ದಳು. ಅದು ಬೇಡವಾಗಿತ್ತು. ಅಕ್ಕ ಬರಬೇಕು, ಬೇರೆ ಯಾರ ಹಾಡನ್ನೋ ಕೇಳುವ ಹಾಗೆ ಕೇಳಬೇಕು, ಕೇಳುತ್ತ ಕೂತೇಬಿಡಬೇಕು. ಮೂವತ್ತು ವರ್ಷದಿಂದ ಅಕ್ಕನ ಹಿಂದೆ ನೀರು ಹೊತ್ತುಕೊಂಡು ವೇದಿಕೆಯಿಂದ ವೇದಿಕೆಗೆ ಓಡಿದವಳಿಗೆ ಇಷ್ಟೇ ಆಸೆ ಇದ್ದದ್ದು. ಲೆಕ್ಕವನ್ನೂ ಹಾಕಿಟ್ಟಿದ್ದಳು. ಮೊದಲ ಹಾಡಿಗೆ ನಾಲ್ಕು ನಿಮಿಷ. ಅವಳ ಎರಡು ಸಾಲು ಬರುವುದು ಆರನೇ ನಿಮಿಷದ ಹೊತ್ತಿಗೆ. ಆ ತನಕ ಅಕ್ಕ ಸ್ಟೂಲು ಬಿಟ್ಟು ಏಳಬಾರದು.

ಶನಿವಾರ ಬೆಳಗ್ಗೆ ಗಂಡನಿಗೆ ಹತ್ತು ಸಲ ಪಾಠ ಹೇಳಿದಳು. “ರೀ, ಐದೂವರೆಗೆ ಸರಿಯಾಗಿ ಉದ್ಯಾನಕ್ಕೆ ಕರ್ಕೊಂಡು ಬರ್ಬೇಕು. ಹೇಗಾದ್ರೂ ಮಾಡಿ.”

“ನಾನು ದಾರಿ ತಪ್ಪಿಸೋದು ನಿಮ್ಮಕ್ಕನಿಗೆ ಹೊಸದಾ? ತಪ್ಪಿಸಿಕೊಂಡೇ ಕರ್ಕೊಂಡು ಬರ್ತೀನಿ ಬಿಡು.”

ಅವತ್ತು ಊರಿನ ನಡುವಿನ ಬೀದಿಗಳಲ್ಲಿ ಗಾಡಿಗಳ ಓಡಾಟ ನಿಲ್ಲಿಸಿದ್ದರು. ಮನೆಯೊಳಗೆ ಯಾರೂ ಉಳಿದಿದ್ದಂತೆ ಕಾಣಲಿಲ್ಲ. ಸೇತುವೆಯ ಮೇಲೆ ಬಣ್ಣದ ಸೀಮೆಸುಣ್ಣ ಹಿಡಿದು ಮಂಡಿಯೂರಿದವರು ಡಾಂಬರಿನ ಮೇಲೆ ಸಮುದ್ರ ಬರೆಯುತ್ತಿದ್ದರು, ಜನ ಪಾದ ನೆನೆದುಹೋಗುತ್ತದೇನೋ ಎನ್ನುವ ಹಾಗೆ ಅಂಚಿನಲ್ಲಿ ದಾಟುತ್ತಿದ್ದರು. ಅಂಚೆ ಕಚೇರಿಯ ಎದುರು ಕಟ್ಟಿಗೆಯ ಕಾಲು ಕಟ್ಟಿಕೊಂಡ ಹೆಂಗಸೊಬ್ಬಳು ಎರಡನೇ ಮಹಡಿಯ ಕಿಟಕಿಯವರ ಕೈ ಕುಲುಕಿದಳು. ಮಾರುಕಟ್ಟೆಯ ವೃತ್ತದಲ್ಲಿ ಹಿತ್ತಾಳೆ ವಾದ್ಯದವರು ಬಿಸಿಲಿಗೆ ಕೆಂಪಾಗಿ ಊದುತ್ತಿದ್ದರೆ ಅಕ್ಕ ಮೂರು ನಿಮಿಷ ದಾಟಿ, ಆರು ದಾಟಿ, ಹನ್ನೆರಡು ನಿಮಿಷ ಪಾದ ಕುಟ್ಟಿದಳು. ಆಮೇಲೆ ಮರದ ಕೆಳಗಿನ ಕವಿಗೋಷ್ಠಿಗೆ ಐವತ್ತು ಸೆಕೆಂಡು. ಮುಖಕ್ಕೆ ಬಿಳಿ ಬಳಿದುಕೊಂಡ ಮೂಕಾಭಿನಯದವನಿಗೆ ಎರಡು ನಿಮಿಷ. “ಗೋಡೆ ಇಲ್ಲದ ಕಡೆ ಗೋಡೆ ತಡವಿದ್ರೆ ಸಾಕಾ? ಬಾಗಿಲು ಎಲ್ಲಿದೆ ಅಂತ ಅವನಿಗೇ ಗೊತ್ತಿಲ್ಲ, ನಡೀರಿ,” ಎಂದಳು. ಹಾಗೆ ಹೇಳುವಾಗ ಅವಳ ಮುಖ ಹಬ್ಬದಂತಿತ್ತು. ಅಕ್ಕ ಸಿಡುಕುವುದನ್ನು ನೋಡಿ ಅವಳಿಗೆ ಬೇಸರವೆಂದು ತಿಳಿದವರಿಗೆ ಅಕ್ಕ ಅರ್ಥವೇ ಆಗಿಲ್ಲ. ಬೈಯುವುದೂ ಅವಳಿಗೆ ಮೇಳದ ಸಂಭ್ರಮವೇ.

ಮೂರು ಗಂಟೆಗೆ ಶ್ ಮೇಡಂ ನೀರಿನ ಬಾಟಲಿಗಳನ್ನು ಗಂಡನಿಗೆ ಕೊಟ್ಟು, ‘ಕುರ್ಚಿ ಜೋಡಿಸೋಕೆ’ ಹೊರಟಳು. ಮೂಲೆ ತಿರುಗುವ ತನಕ ನಡೆದಳು. ತಿರುಗಿದ ಮೇಲೆ ಓಡಿದಳು.

ಉದ್ಯಾನದಲ್ಲಿ ಕಲ್ಲಿನ ದುಂಡು ವೇದಿಕೆ, ಅದರ ಮೇಲೆ ಕೊಡೆಯಂಥ ಛಾವಣಿ, ಸುತ್ತ ಹುಲ್ಲು. ಹನ್ನೊಂದು ಜನರೂ ನೀಲಿ ಅಂಗಿ ತೊಟ್ಟು, ಮದುವೆಗೆ ಬಂದ ಬೀಗರ ಹಾಗೆ ಒಬ್ಬರ ಕಾಲರನ್ನೊಬ್ಬರು ಸರಿಮಾಡುತ್ತಿದ್ದರು. ಮುಖ್ಯ ಗ್ರಂಥಪಾಲಕರು ಮೂರನೇ ಸಲ ಮೂತ್ರಕ್ಕೆ ಹೋಗಿ ಬಂದಿದ್ದರು. ನಾಲ್ಕೂವರೆಗೆ ಮೈಕಿನವನು ಬಂದು, ನಾಲ್ಕು ಮೈಕು ನಿಲ್ಲಿಸಿ, ಹುಲ್ಲಿನ ಆ ತುದಿಯ ತನ್ನ ಮೇಜಿನಿಂದ ಕೈ ಎತ್ತಿದ. ಬೈಂಡರಣ್ಣ ಶ್ರುತಿ ಗುನುಗಿದ. ಹಾಡಿದರು.

ಒಂದು ಚರಣ ಮುಗಿಯಿತು. ಮೈಕಿನವನು ಕೈ ಇನ್ನೂ ಎತ್ತಿಯೇ ಇದ್ದ.

“ಶುರು ಮಾಡಿ ಸಾರ್!” ಅಂತ ಅಲ್ಲಿಂದಲೇ ಕೂಗಿದ.

“ಮಾಡಿದೀವಪ್ಪಾ!”

ಅವನು ಮೇಜು ಬಿಟ್ಟು ಓಡಿ ಬಂದ. “ಇನ್ನೊಂದ್ಸಲ ಹಾಡಿ.” ಹಾಡಿದರು. ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿದ. ಆರನೇ ಹೆಜ್ಜೆಗೆ ಕಿವಿಯ ಹಿಂದೆ ಕೈ ಇಟ್ಟುಕೊಂಡ. ಹತ್ತನೇ ಹೆಜ್ಜೆಗೆ ತಲೆ ಅಲ್ಲಾಡಿಸಿದ. “ಚೆನ್ನಾಗಿದೆ ಸಾರ್. ಆದ್ರೆ ಇದು ನಿಮ್ಮಿಂದ ನಿಮ್ಮ ಪಕ್ಕದವರ ತನಕ ಹೋಗತ್ತೆ, ಅಷ್ಟೆ. ನಾನು ಮೈಕು ಏರಿಸಿದ್ರೆ ಅದು ಕಿರುಚತ್ತೆ.” ಏರಿಸಿ ತೋರಿಸಿದ. ಕುಂಯ್ ಎಂದು ಉದ್ಯಾನದ ಹಕ್ಕಿಗಳೆಲ್ಲ ಎದ್ದುಹೋದವು.

ಹನ್ನೊಂದು ಜನ ಮುಖ ಮುಖ ನೋಡಿಕೊಂಡರು. ಆಗ ಶ್ ಮೇಡಂಗೆ ವಿಷಯ ಹೊಳೆಯಿತು.

ಪತ್ರಿಕೆ ಉಗ್ರಾಣದ ಮೇಲ್ಗಡೆಯೇ ಅವಳ ಓದುವ ಕೋಣೆ. ಮೊದಲ ವಾರದ ಅಭ್ಯಾಸದಲ್ಲಿ ಎಲ್ಲರೂ ಸ್ವಲ್ಪ ಗಟ್ಟಿಯಾಗಿಯೇ ಹಾಡಿದ್ದರು. ‘ಮೇಲೆ ಮಕ್ಕಳು ಓದ್ತಿದಾರೆ, ಮೆಲ್ಲಗೆ’ ಎಂದವಳು ಅವಳೇ. ಎರಡನೇ ವಾರ ‘ಇನ್ನೂ ಮೆಲ್ಲಗೆ’. ಮೂರನೇ ವಾರ ಪಿಸುಗುಟ್ಟುವ ಮಟ್ಟಕ್ಕೆ ಬಂದಾಗ ‘ಈಗ ಸರಿಯಾಯ್ತು ನೋಡಿ’ ಅಂತ ಮೆಚ್ಚಿಕೊಂಡಿದ್ದಳು. ಬೇರೆ ಯಾವ ಕಚೇರಿಯಲ್ಲಾದರೂ ಯಾರೋ ಒಬ್ಬರು ‘ಏನ್ರೀ ಇದು, ಸಂತಾಪ ಸಭೆಯಾ?’ ಅಂತ ಕೇಳುತ್ತಿದ್ದರು. ಇವರೋ, ಮನೆಯಲ್ಲಿ ಉಪ್ಪು ಕೇಳುವಾಗಲೂ ಪಿಸುಗುಟ್ಟುವ ಜನ. ಒಬ್ಬರಿಗೂ ಏನೂ ಕಡಿಮೆ ಎನಿಸಿರಲಿಲ್ಲ. ಸಮಿತಿಯವರು ಫೋನಿನ ಸದ್ದು ಏರಿಸಿಕೊಂಡು ಕೇಳಿದ್ದರು, ಅವರಿಗೂ ಗೊತ್ತಾಗಿರಲಿಲ್ಲ.

“ನನ್ನಿಂದ್ಲೇ ಹೀಗಾಯ್ತು,” ಎಂದಳು ಶ್ ಮೇಡಂ.

“ಈಗ ಅದನ್ನ ಕಟ್ಕೊಂಡು ಏನ್ಮಾಡೋದು?” ಎಂದ ಬೈಂಡರಣ್ಣ. “ಗಟ್ಟಿಯಾಗಿ ಹಾಡಿ, ನೋಡೋಣ.”

ಗಟ್ಟಿಯಾಗಿ ಹಾಡಿದರು. ಅಯ್ಯೋ! ಗ್ರಂಥಪಾಲಕರ ದನಿ ಒಂದು ಕಡೆ ಹೋಯಿತು, ಕಾವಲುಗಾರನದು ಗೇಟಿನಲ್ಲಿ ಕಳ್ಳನನ್ನು ಕೂಗಿದಂತಾಯಿತು, ಗುಡಿಸುವಾಕೆಗೆ ನಗು ತಡೆಯಲಾಗದೆ ಕೆಮ್ಮು ಬಂತು. ನಾಲ್ಕು ತಿಂಗಳು ಎಳೆ ಎಳೆಯಾಗಿ ಜೋಡಿಸಿದ್ದು ಕಣ್ಣೆದುರೇ ಬಿಚ್ಚಿಹೋಯಿತು. ಬೈಂಡರಣ್ಣ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ.

“ಬೇಡ. ನಮಗೆ ಬರೋ ಹಾಗೇ ಹಾಡೋಣ. ಕೇಳಿದವರಿಗೆ ಕೇಳಲಿ.”

ಐದೂವರೆಗೆ ಹುಲ್ಲಿನ ಮೇಲೆ ಆರೇಳು ನೂರು ಜನ ಸೇರಿದ್ದರು. ಇವರ ಹಾಡಿಗೆ ಅಂತ ಬಂದವರಲ್ಲ, ನೆರಳಿಗೆ ಬಂದವರು. ಮಕ್ಕಳು ಪೀಪಿ ಊದುತ್ತಿದ್ದರು. ಐಸ್‌ಕ್ರೀಮಿನವನು ಗಂಟೆ ಬಾರಿಸುತ್ತ ಗಾಡಿ ತಳ್ಳುತ್ತಿದ್ದ. ಒಬ್ಬ ದಪ್ಪ ಮೀಸೆಯ ಯಜಮಾನ ಫೋನಿನಲ್ಲಿ ಯಾರಿಗೋ ತನ್ನ ಮನೆಯ ನಲ್ಲಿ ಸೋರುವ ಕಥೆ ಹೇಳುತ್ತಿದ್ದ, ಅದು ವೇದಿಕೆಯವರಿಗೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಶ್ ಮೇಡಂ ಮೆಟ್ಟಿಲು ಹತ್ತಿದಳು. ಹೆದರಿಕೆ ಇತ್ತು, ಆದರೆ ಅದರ ಜೊತೆಗೆ ಇನ್ನೇನೋ ಇತ್ತು. ಜಾತ್ರೆಯ ತೊಟ್ಟಿಲು ಮೇಲಕ್ಕೆ ಹೊರಟಾಗ ಆಗುವಂಥದ್ದು. ಈ ವಯಸ್ಸಿನಲ್ಲಿ ಅಂಥದ್ದೊಂದು ತನಗೆ ಆಗಬಹುದೆಂದೇ ಅವಳು ತಿಳಿದಿರಲಿಲ್ಲ.

ಸೈನ್ಯ ಬಂತು. ಮುಂದೆ ನಕ್ಷೆ ಬೀಸುತ್ತ ಅವಳ ಗಂಡ, ಹಿಂದೆ ಅವನನ್ನು ಬೈಯುತ್ತ ಅಕ್ಕ. “ಪಿಟೀಲಿನ ಕಛೇರಿ ಇರೋದು ಪುರಭವನದಲ್ಲಿ, ನೀವು ನಮ್ಮನ್ನ ತೋಟಕ್ಕೆ ತಂದಿದ್ದೀರಿ! ನಿಮ್ಮ ಅಂಗಡೀಲಿ ಒಂದು ಕನ್ನಡಕ ನಿಮಗೂ ಹಾಕಿಸ್ಕೊಳ್ಳಿ.” ಭಾವ ಸ್ಟೂಲುಗಳನ್ನು ಧೊಪ್ಪನೆ ಇಳಿಸಿದರು. “ಇನ್ನು ನನ್ನ ಕೈಲಾಗಲ್ಲ. ಐದು ನಿಮಿಷ ಕೂತು ಹೋಗೋಣ.” ಅಕ್ಕ ಕೂತಳು, ತಲೆ ಎತ್ತಿದಳು. ನೀಲಿ ಅಂಗಿಗಳ ಸಾಲಿನಲ್ಲಿ ಎಡದಿಂದ ಮೂರನೆಯವಳು ತನ್ನ ತಂಗಿ.

ಅಕ್ಕನ ಬಾಯಿ ತೆರೆದದ್ದು ತೆರೆದಂತೆ ನಿಂತಿತು. ಆಮೇಲೆ ಬಾಯಿ ಮುಚ್ಚಿತು, ಹುಬ್ಬು ಗಂಟಾಯಿತು, ಎಡಗೈ ಮೇಲೆದ್ದು ಗಡಿಯಾರ ಮುಖದ ಮುಂದೆ ಬಂತು. ನಿಯಮ ಅಂದರೆ ನಿಯಮ.

ಹಾಡು ಶುರುವಾಯಿತು. ಶುರುವಾದದ್ದು ಮೊದಲ ಎರಡು ಸಾಲಿನವರಿಗೆ ಮಾತ್ರ ಗೊತ್ತಾಯಿತು. ನಲ್ಲಿಯ ಕಥೆ ನಡೆಯುತ್ತಲೇ ಇತ್ತು, ‘ಪ್ಲಂಬರ್ ಬಂದು ಹೋದ ಕಣಯ್ಯಾ...’ ಪೀಪಿ ಕೂಗಿತು. ಗಂಟೆ ಹೊಡೆಯಿತು. ಹಿಂದೆ ಯಾರೋ, ‘ಏನು, ಬರೀ ಬಾಯಿ ಆಡಿಸ್ತಿದಾರಲ್ಲ?’ ಅಂದರು, ಅಲ್ಲಲ್ಲಿ ನಕ್ಕರು. ಎಂಟನೇ ಸಾಲಿನಲ್ಲಿ ಅಕ್ಕ ಕತ್ತು ಮುಂದೆ ಚಾಚಿದ್ದಳು. ಅವಳಿಗೂ ಕೇಳುತ್ತಿರಲಿಲ್ಲ. ಶ್ ಮೇಡಂ ಹಾಡುತ್ತಲೇ ಲೆಕ್ಕ ಹಾಕಿದಳು. ಒಂದು ನಿಮಿಷ ಆಯಿತು. ಅಕ್ಕ ಎದ್ದು ಹೋಗಲಿ, ಹಾಡು ಹಿಡಿಸದೆ ಹೋದರೆ ಎದ್ದು ಹೋಗುವ ಹಕ್ಕು ಅವಳಿಗಿದೆ. ಆದರೆ ಕೇಳಿಸದೇ ಹೋಗುವುದೇ? ಕೇಳದೆಯೇ ಫೇಲ್ ಆಗುವುದೇ?

ಅವಳಿಗೆ ಸಿಟ್ಟು ಬಂತು. ಒಳ್ಳೆಯ, ಬಿಸಿಬಿಸಿ ಸಿಟ್ಟು. ಹಾಡುವುದನ್ನು ನಿಲ್ಲಿಸಿ ಸಾಲಿನಿಂದ ಹೊರಬಂದು, ವೇದಿಕೆಯ ಅಂಚಿಗೆ ಬಂದು ನಿಂತಳು. ಬೈಂಡರಣ್ಣ ಕಣ್ಣು ಕಣ್ಣು ಬಿಟ್ಟ. ಉಳಿದವರ ಹಾಡು ಒಂದೊಂದಾಗಿ ಉದುರಿ ನಿಂತಿತು.

ಹೆಸರು ಶ್ ಮೇಡಂ ಆದರೂ ಅವಳು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ‘ಶ್’ ಅಂದವಳಲ್ಲ. ಹಾಗೆ ಅನ್ನುವುದೂ ಒಂದು ಸದ್ದೇ ಎನ್ನುವುದು ಅವಳ ವಾದ. ಇಡೀ ಕೋಣೆಯನ್ನು ಸುಮ್ಮನಿರಿಸಲು ಯಾರಿಂದಲೂ ಆಗುವುದಿಲ್ಲ, ಒಬ್ಬನನ್ನು ಸುಮ್ಮನಿರಿಸಬಹುದು. ಎಲ್ಲರಿಗಿಂತ ಜೋರಾಗಿ ಮಾತಾಡುವವನನ್ನು ಆರಿಸಿಕೊಳ್ಳಬೇಕು. ಕೈ ಕಟ್ಟಿ ಅವನನ್ನೇ ನೋಡಬೇಕು. ಸಿಟ್ಟು ತೋರಿಸಬಾರದು, ಅವನು ಏನೋ ಕಳೆದುಕೊಂಡಿದ್ದಾನೆ, ಪಾಪ, ಅದು ಸಿಗುವ ತನಕ ಕಾಯುತ್ತೇನೆ ಎನ್ನುವಂತೆ ನೋಡಬೇಕು. ಅವನ ಪಕ್ಕದವರಿಗೆ ಮೊದಲು ನಾಚಿಕೆಯಾಗುತ್ತದೆ, ಆಮೇಲೆ ಅವನಿಗೆ.

ಅವಳು ಮೀಸೆಯ ಯಜಮಾನನನ್ನು ನೋಡಿದಳು.

“... ಹೊಸಾ ವಾಷರ್ ಹಾಕಿದ್ರೂ ಅಷ್ಟೇ ಕಣಯ್ಯಾ, ತೊಟ್ಟು ತೊಟ್ಟು...” ಯಜಮಾನನ ಹೆಂಡತಿ ಅವನ ಮೊಣಕೈ ತಿವಿದಳು. ಯಜಮಾನ ತಿರುಗಿದ. ವೇದಿಕೆಯ ಮೇಲಿನ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆ. “ಆಮೇಲೆ ಮಾಡ್ತೀನಿ,” ಎಂದು ಫೋನನ್ನು ಜೇಬಿಗಿಳಿಸಿ, ಯಾರೂ ಹೇಳದೆಯೇ ಕೈ ಕಟ್ಟಿಕೊಂಡ. ಅವಳ ನೋಟ ಮುಂದೆ ಸರಿಯಿತು. ಚಿಪ್ಸಿನ ಪೊಟ್ಟಣ ಸಪ್ಪಳ ಮಾಡುತ್ತಿದ್ದ ಇಬ್ಬರು ಹುಡುಗಿಯರು ಅಗಿಯುವುದನ್ನು ನಿಲ್ಲಿಸಿ, ಕೆನ್ನೆ ಉಬ್ಬಿಸಿಕೊಂಡೇ ಕೂತರು. ಪೀಪಿಗಳು ಅಮ್ಮಂದಿರ ಚೀಲ ಸೇರಿದವು. ಐಸ್‌ಕ್ರೀಮಿನವನು ಗಂಟೆಯನ್ನು ಅಲ್ಲಾಡಿಸಲು ಎತ್ತಿದವನು ಅವಳ ಕಣ್ಣಿಗೆ ಸಿಕ್ಕಿಬಿದ್ದು, ಗಂಟೆಯ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಸಾಲು ಸಾಲಾಗಿ ಮೌನ ಹಿಂದಕ್ಕೆ ಹೋಯಿತು. ಒಬ್ಬ ನಡುವಯಸ್ಸಿನವನು ಪಕ್ಕದವಳ ಕಿವಿಯಲ್ಲಿ, “ನಮ್ಮ ಶ್ ಮೇಡಂ ಕಣೇ! ನಾನು ಇವರ ಕೋಣೇಲೇ ಓದಿ ಪಾಸಾದದ್ದು,” ಎಂದ. ಅವಳು ಅವನನ್ನೂ ನೋಡಿದಳು. ಅವನು ಹದಿನೇಳು ವರ್ಷದವನಂತೆ ತಲೆ ತಗ್ಗಿಸಿದ.

ಆರೇಳು ನೂರು ಜನ ಪಿಟ್ಟೆನ್ನದೆ ಕೂತರು. ಆ ಉದ್ಯಾನದಲ್ಲಿ ಎಲೆಗಳು ಸದ್ದು ಮಾಡುತ್ತವೆ ಎನ್ನುವುದು ಅವತ್ತೇ ಹಲವರಿಗೆ ಗೊತ್ತಾದದ್ದು.

ಶ್ ಮೇಡಂ ಹಿಂದಕ್ಕೆ ಹೋಗಿ ತನ್ನ ಜಾಗದಲ್ಲಿ ನಿಂತಳು. ಬೈಂಡರಣ್ಣ ಮತ್ತೆ ಮೊದಲಿನಿಂದ ಶ್ರುತಿ ಗುನುಗಿದ. ಈ ಸಲ ಅದು ಹುಲ್ಲಿನ ಆ ತುದಿಯ ಮೈಕಿನವನ ಮೇಜಿಗೂ ಕೇಳಿಸಿತು. ಅವನು ಹೆಬ್ಬೆರಳು ಎತ್ತಿ ಕುಣಿದ.

ಆಹಾ, ಹೇಗೆ ಹಾಡಿದರು ಅಂತೀರಿ! ನಾಲ್ಕು ತಿಂಗಳು ತೊಟ್ಟಿಲ ಮಗುವನ್ನು ಎಬ್ಬಿಸದಂತೆ ಹಾಡಿದ ಗುಂಪು ಅದು. ಒಬ್ಬರ ಉಸಿರು ಮತ್ತೊಬ್ಬರಿಗೆ ಗೊತ್ತು. ದೊಡ್ಡ ಗಂಟಲಿನವರು ಯಾರೂ ಇಲ್ಲದ್ದರಿಂದ ಯಾರೂ ಯಾರನ್ನೂ ಮುಚ್ಚಿಹಾಕಲಿಲ್ಲ. ಹಿಂದಿನ ಸಾಲಿನವರು ಕಾಲು ತುದಿಯಲ್ಲಿ ಮುಂದೆ ಬಂದು ಕೂರತೊಡಗಿದರು. ಶ್ ಮೇಡಂಗೆ ಮೈಯೆಲ್ಲ ಜುಂ ಎಂದಿತು. ಮೊದಲ ಹಾಡು ಮುಗಿಯುತ್ತ ಬಂದಾಗ ಅವಳು ಧೈರ್ಯ ಮಾಡಿ ಎಂಟನೇ ಸಾಲಿನತ್ತ ನೋಡಿದಳು.

ಅಕ್ಕ ಎದ್ದು ನಿಂತಿದ್ದಳು.

ಚೀಲ ಹೆಗಲಿಗೇರಿತ್ತು. ಪಕ್ಕದಲ್ಲಿ ಭಾವ ಅಭ್ಯಾಸಬಲದಿಂದ ಆಗಲೇ ಸ್ಟೂಲು ಮಡಚುತ್ತಿದ್ದರು. ಗಂಡ ಅಕ್ಕನ ಸೆರಗು ಹಿಡಿಯುವುದೊಂದು ಬಾಕಿ, ಕೈ ಮುಗಿಯುತ್ತಿದ್ದ. ಅಕ್ಕ ಅವನತ್ತ ತಿರುಗಿಯೂ ನೋಡದೆ ಜನರ ನಡುವಿನ ದಾರಿಗೆ ಇಳಿದಳು.

ಹೋದಳು. ಕೇಳಿಸಿಕೊಂಡೇ ಹೋದಳು. ಶ್ ಮೇಡಂ ಕಣ್ಣು ಮುಚ್ಚಿಕೊಂಡಳು. ಎರಡನೇ ಹಾಡು ಶುರುವಾಗಿತ್ತು, ನಿಲ್ಲುವಂತಿರಲಿಲ್ಲ. ಸರಿ, ಹೋಗಲಿ. ಅಕ್ಕನಿಲ್ಲದೆಯೂ ಲೋಕದಲ್ಲಿ ಕಿವಿಗಳಿವೆ. ಹತ್ತು ಜನ ದನಿ ಇಳಿಸಿದರು. ಅವಳ ಸಾಲು ಬಂತು. ಕಣ್ಣು ತೆರೆಯದೆ ಹಾಡಿದಳು.

ಕಿಟಕಿ ತೆರೆಯೇ, ಗಾಳಿ ಬಂದಿದೆ
ಇಷ್ಟು ದೂರ ನಡೆದೇ ಬಂದಿದೆ

ದನಿ ಮೊದಲು ಸ್ವಲ್ಪ ನಡುಗಿತು, ಆಮೇಲೆ ತನ್ನ ಪಾಡಿಗೆ ತಾನು ಏರಿತು. ಎರಡನೇ ಸಲ ಹಾಡುವಾಗ ಅವಳಿಗೆ ಅಕ್ಕನ ನೆನಪೂ ಇರಲಿಲ್ಲ, ಜನದ ನೆನಪೂ ಇರಲಿಲ್ಲ. ಹಾಡುವುದು ಇಷ್ಟು ಸುಖವಾಗಿರುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹತ್ತು ದನಿಗಳು ಮತ್ತೆ ಬಂದು ಸೇರಿಕೊಂಡವು, ಅವಳು ಕಣ್ಣು ತೆರೆದಳು.

ವೇದಿಕೆಯ ಬುಡದಲ್ಲಿ, ಬರೀ ಹುಲ್ಲಿನ ಮೇಲೆ, ಪೀಪಿ ಕಳೆದುಕೊಂಡ ಮಕ್ಕಳ ನಡುವೆ ಅಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮೊಣಕಾಲು ನೋವಿನಿಂದ ಎಂಟು ವರ್ಷದಿಂದ ನೆಲಕ್ಕೆ ಕೂರದ ಅಕ್ಕ. ಹತ್ತಿರದಿಂದ ಕೇಳಲು ಬಂದಿದ್ದಳು. ಗಲ್ಲಕ್ಕೆ ಕೈ ಕೊಟ್ಟು, ಮುಖ ಮೇಲೆತ್ತಿ, ತಂಗಿಯನ್ನೇ ಅಪರಿಚಿತರನ್ನು ನೋಡುವಂತೆ ನೋಡುತ್ತಿದ್ದಳು.

ಮೂರನೇ ಹಾಡು ಹೇಗೆ ಹಾಡಿದಳೆಂದು ಶ್ ಮೇಡಂಗೆ ನೆನಪಿಲ್ಲ. ಮುಗಿದಾಗ ಅಷ್ಟು ಹೊತ್ತು ತಡೆದುಕೊಂಡಿದ್ದ ಜನ ಒಮ್ಮೆಲೇ ಬಾಯಿ ಬಿಟ್ಟರು. ಚಪ್ಪಾಳೆ, ಸಿಳ್ಳೆ, ಪೀಪಿ, ಎಲ್ಲ ಒಟ್ಟಿಗೆ. ಐಸ್‌ಕ್ರೀಮಿನವನು ಗಂಟೆಯನ್ನು ಕಿತ್ತುಹೋಗುವ ಹಾಗೆ ಬಾರಿಸಿದ. ಮುಖ್ಯ ಗ್ರಂಥಪಾಲಕರು ಬೈಂಡರಣ್ಣನನ್ನು ತಬ್ಬಿಕೊಂಡು ಅತ್ತೇಬಿಟ್ಟರು. ಕಾವಲುಗಾರ ಜನರಿಗೆ ಸಲ್ಯೂಟ್ ಹೊಡೆಯುತ್ತಲೇ ಇದ್ದ, ಯಾರೋ ಕೈ ಹಿಡಿದು ನಿಲ್ಲಿಸಬೇಕಾಯಿತು.

ಶ್ ಮೇಡಂ ಮೆಟ್ಟಿಲಿಳಿದು ಬಂದಾಗ ಭಾವ, ಗಂಡ ಇಬ್ಬರೂ ಸೇರಿ ಅಕ್ಕನನ್ನು ಹುಲ್ಲಿನಿಂದ ಎತ್ತುತ್ತಿದ್ದರು. ಅಕ್ಕ ನಿಂತು ಸೆರಗು ಕೊಡವಿಕೊಂಡಳು.

“ಎರಡನೇ ಸಾಲಲ್ಲಿ ‘ನಡೆದೇ’ ಅನ್ನೋ ಮುಂಚೆ ಉಸಿರು ತಗೊಂಡೆ. ತಗೋಬಾರ್ದಿತ್ತು.”

“ಹೌದು, ನಡುಕ ಬಂದಿತ್ತು.”

“ಎರಡನೇ ಸಲ ಸರಿ ಹಾಡಿದೆ.” ಅಕ್ಕ ತಂಗಿಯ ನೀಲಿ ಅಂಗಿಯ ಕಾಲರು ಸರಿಮಾಡಿದಳು. “ಯಾವಾಗ ಕಲಿತೆ ನೀನು?”

“ನೀನು ಕಲೀವಾಗ.”

ಇದು ನಿಜ. ಚಿಕ್ಕವಳಿದ್ದಾಗ ಅಕ್ಕನಿಗೆ ಮನೆಗೆ ಬಂದು ಹಾಡು ಹೇಳಿಕೊಡುವ ಟೀಚರೊಬ್ಬರಿದ್ದರು. ಬಾಗಿಲು ಹಾಕಿರುತ್ತಿತ್ತು. ಪುಟ್ಟಿ ಹೊರಗೆ ಹೊಸ್ತಿಲ ಬಳಿ ಪುಸ್ತಕ ಇಟ್ಟುಕೊಂಡು ಕೂತಿರುತ್ತಿದ್ದಳು, ಗಲಾಟೆ ಮಾಡುವುದಿಲ್ಲ ಎಂದು ಅಮ್ಮ ಹೊಗಳುತ್ತಿದ್ದಳು. ಆರು ವರ್ಷ ಕಲಿತು ಅಕ್ಕ ಹತ್ತೊಂಬತ್ತಕ್ಕೆ ಬಿಟ್ಟಳು. ಟೀಚರು ಒಂದು ದಿನ, ನಿನಗೆ ಕಿವಿ ಇದೆ, ಗಂಟಲು ಇಲ್ಲ ಎಂದಿದ್ದರಂತೆ. ಅವತ್ತಿನಿಂದ ಅವಳು ಬರೀ ಕಿವಿಯಾಗಿಯೇ ಉಳಿದಳು.

“ಹೊರಗೆ ಕೂತಿದ್ದೆಯಾ?” ಎಂದಳು ಅಕ್ಕ. “ಅಷ್ಟೂ ದಿನ?”

“ಮತ್ತೆ? ಒಳಗೆ ಯಾರು ಕರೆದ್ರು?”

ಗಂಡ ಕೆಮ್ಮಿ, “ಅಕ್ಕಾ, ಪಿಟೀಲು ಏಳಕ್ಕೆ. ಈಗ ಹೊರಟ್ರೆ ಜಾಗ ಸಿಗತ್ತೆ,” ಎಂದ. ಹಸಿರು ಪೆನ್ನಿನಲ್ಲಿ ಎರಡು ಸುತ್ತು ಗುರುತು ಹಾಕಿದ್ದ ಕಾರ್ಯಕ್ರಮ ಅದೊಂದೇ.

“ನೀವಿಬ್ರೂ ಹೋಗಿ ಕೇಳಿ.” ಅಕ್ಕ ತಂಗಿಯ ಕೈ ಹಿಡಿದುಕೊಂಡಳು. ಹಿಡಿತ ಬಿಗಿಯಾಗಿತ್ತು. ಸುತ್ತ ಜನ ನಗುತ್ತ, ನೂಕಾಡುತ್ತ, ದೀಪ ಹಚ್ಚುತ್ತಿದ್ದ ಬೀದಿಗಳ ಕಡೆಗೆ ಹರಿಯುತ್ತಿದ್ದರು. “ಆ ಎರಡು ಸಾಲು ನಂಗೆ ಹೇಳಿಕೊಡು.”

“ಇಲ್ಲೇನಾ? ಎಲ್ಲರ ಮುಂದೆ?”

“ಇಲ್ಲೇ. ಗಟ್ಟಿಯಾಗಿ ಹೇಳು, ನಂಗೆ ಸರಿಯಾಗಿ ಕೇಳ್ಬೇಕು.”

ಶ್ ಮೇಡಂ ಆಚೆ ಈಚೆ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟು, ಎದೆ ತುಂಬ ಉಸಿರು ಎಳೆದುಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಪೂರ್ತಿ ಗಂಟಲಿನಲ್ಲಿ ಹಾಡಿದಳು. ಪಕ್ಕದಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು, ಒಂದಿಬ್ಬರು ನಿಂತರು. ಅಕ್ಕ ಕಣ್ಣು ಮುಚ್ಚಿ ಕೇಳಿದಳು, ತುಟಿ ಒದ್ದೆ ಮಾಡಿಕೊಂಡಳು. ಮೂವತ್ತೇಳು ವರ್ಷದಿಂದ ಹಾಡಿಗೆ ತೆರೆಯದ ಬಾಯಿ ತೆರೆದು, ಒರಟು ದನಿಯಲ್ಲಿ, ಕಿಟಕಿ ತೆರೆಯೇ ಎಂದಳು.

“ಅಲ್ಲ,” ಎಂದಳು ತಂಗಿ. “ಅದು ಇನ್ನೂ ಮೇಲಿಂದ ಶುರುವಾಗ್ಬೇಕು. ಇನ್ನೊಂದ್ಸಲ.”

ಅಕ್ಕ ಎದುರು ಮಾತಾಡದೆ ಮತ್ತೆ ಮೊದಲಿನಿಂದ ಶುರು ಮಾಡಿದಳು.